ಶೇಂಗಾ ಚಟ್ನಿಯಲ್ಲಿ ನಾವು ಬೆರೆಸಿದ್ದು

ಓದಲು ಕುಳಿತ ನಿಮಗೆಲ್ಲ ಸೊಲ್ಲಾಪುರದಿಂದ ನಮಸ್ಕಾರ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಡುವೆ ಮರಾಠಿ ಶಬ್ದ ನುಸುಳಿದರೆ ಅದಕ್ಕೂ ಕ್ಷಮೆ ಇರಲಿ. ನಮ್ಮ ಕಡೆ ಎರಡೂ ಭಾಷೆ ಒಂದೇ ತಾಟಿನಲ್ಲಿ ಉಣ್ಣುತ್ತವೆ.

ನನಗೆ ಅಕ್ಷರ ಕಲಿಸಿದವರ ಬಗ್ಗೆ ಬರೆಯಬೇಕಾಗಿದೆ. ಅವರ ಹೆಸರು ಹೇಳುವುದಿಲ್ಲ. ಬದುಕಿದ್ದಾಗ ಯಾರಿಗಾದರೂ ಹೇಳಿದರೆ, “ನನ್ನ ಹೆಸರು ಅವರಿಗ್ಯಾಕ ಕೊಟ್ಟಿ?” ಎಂದು ಕೇಳುತ್ತಿದ್ದರು. ‘ಅವರು’ ಅಂದರೆ ಯಾರು ಎಂದು ನಾನು ಕೇಳಲು ಹೋಗಲಿಲ್ಲ. ಕಾರಖಾನೆಯಲ್ಲಿ ಎಲ್ಲರೂ ಅವರನ್ನು ಮಾಸ್ತರ ಎನ್ನುತ್ತಿದ್ದರು. ಸಾಲಿ ಮಾಸ್ತರ ಅಲ್ಲ, ಚಾದರದ ಡಿಝೈನ್ ಮಾಸ್ತರ.

ಹೋದ ತಿಂಗಳು ಅವರು ತೀರಿಕೊಂಡರು. ವಿಜಾಪುರ ರಸ್ತೆಯ ತಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿದು ಕಪ್ಪು ಕೆಳಗಿಟ್ಟರಂತೆ, ಎದೆ ಹಿಡಿದುಕೊಂಡರಂತೆ, ಅಷ್ಟೇ. ಮಣ್ಣಿಗೆ ಹೋದಾಗ ಅವರ ದೂರದ ಸಂಬಂಧಿಯೊಬ್ಬ ನನ್ನ ತೋಳು ಹಿಡಿದು ಮನೆಯ ಮುಂದಿನ ಬೇವಿನ ಗಿಡದ ಕಡೆಗೆ ಕರೆದುಕೊಂಡು ಹೋದ.

“ಖರೇ ಹೇಳು, ಹಾರ್ಟ್ ಅಟ್ಯಾಕ ಹೌದೇನು?”

“ಡಾಕ್ಟರ ಬರ್ದು ಕೊಟ್ಟಾರಲ್ರಿ.”

“ಡಾಕ್ಟರ ಏನರ ಬರೀತಾರ. ತಲಿ ಕೆಟ್ಟವರು ಹಿಂಗ ಸುಮ್ನ ಸಾಯೂದಿಲ್ಲ. ಗುಳಿಗಿ ಎಲ್ಲಾ ಒಮ್ಮೆಲೆ ನುಂಗಿದ್ರ ಏನ ಮಾಡ್ತಿ? ಇಲ್ಲಾ ಆಕಿನ ಏನರ...”

ಆಕಿ ಅಂದರೆ ಮಾಸ್ತರರ ಹೆಂಡತಿ. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಆ ಮನುಷ್ಯ ಒಳಗೆ ಹೋಗಿ, ಮಾಸ್ತರರ ಗುಳಿಗೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಹಿಂದಿನ ದಿನದವರೆಗಿನ ಗುಳಿಗೆ ತೆಗೆದಿತ್ತು, ಮುಂದಿನವು ಹಾಗೇ ಇದ್ದವು. ಆದರೂ ಅವನ ಮುಖ ಸಡಿಲಾಗಲಿಲ್ಲ. ಸಾಯುವ ತನಕ ಮಾಸ್ತರರಿಗೆ ಸಂಶಯದ ರೋಗ ಎಂದು ಹೇಳಿಕೊಂಡು ತಿರುಗಿದವರು ಈ ಸಂಬಂಧಿಕರೇ.

ಮೂರನೆಯ ದಿನ ವೈನಿ ಆ ಗುಳಿಗೆ ಇಡುತ್ತಿದ್ದ ಸ್ಟೀಲಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ತಳದಲ್ಲಿ ನಾಲ್ಕು ಮಡಿಕೆಯ ಒಂದು ಚೌಕಳಿ ಹಾಳೆ ಇತ್ತು. ಮಡಿಕೆಗಳಲ್ಲಿ ಹರಿದು ಹೋಗಿತ್ತು. ಅದರ ಮೇಲಿದ್ದದ್ದು ನನ್ನದೇ ಅಕ್ಷರ. ಅದರ ವಿಷಯ ಮುಂದೆ ಬರುತ್ತದೆ. ಅದನ್ನು ಬರೆದುಕೊಟ್ಟ ದಿನದಿಂದ ಹನ್ನೆರಡು ವರ್ಷ ನಾನು ಕಾಯ್ದದ್ದು ಒಂದೇ ಒಂದಕ್ಕೆ. ಅವರು ಮತ್ತೆ ನನ್ನ ಕೈಯಿಂದ ಒಂದು ತುತ್ತು ತಿನ್ನುತ್ತಾರೋ ಇಲ್ಲವೋ ಎಂಬುದಕ್ಕೆ.

ನಾನು ಅಕ್ಕಲಕೋಟ ತಾಲೂಕಿನ ಹಳ್ಳಿಯವನು. ನಮ್ಮದು ಕುರಿ ಕಾಯುವ ಮನೆ, ಬೀರೋಬನ ಒಕ್ಕಲು. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿ ಹಿಂದೆ ಹೋದವನು, ಕುರಿ ಮಾರಿದ ಮೇಲೆ ಸೊಲ್ಲಾಪುರದ ಚಾದರ ಕಾರಖಾನೆಗೆ ಬಂದು ಮಗ್ಗದ ಮುಂದೆ ನಿಂತೆ. ಅಲ್ಲಿ ಮಾಸ್ತರರ ಕೆಲಸ ಪುಠ್ಠಾ, ಅಂದರೆ ದಪ್ಪ ಕಾಗದ, ಕೊರೆಯುವುದು. ಚಾದರದಲ್ಲಿ ಹೂವು, ನವಿಲು, ಬಳ್ಳಿ ಏನು ಮೂಡಬೇಕೋ ಅದನ್ನು ಮೊದಲು ಚೌಕಳಿ ಹಾಳೆಯ ಮೇಲೆ ಕೆಂಪು ಪೆನ್ನಿನಿಂದ ತುಂಬುತ್ತಿದ್ದರು. ಆಮೇಲೆ ಅದೇ ಲೆಕ್ಕದಲ್ಲಿ ದಪ್ಪ ಕಾಗದದ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದರು. ಆ ಪಟ್ಟಿಗಳ ಮಾಲೆ ಮಗ್ಗದ ತಲೆಯ ಮೇಲೆ ತಿರುಗಿದಂತೆ ಕೆಳಗೆ ನವಿಲು ಹುಟ್ಟುತ್ತದೆ.

“ತೂತು ಬಿದ್ರ ಹೂವು, ಬೀಳ್ದಿದ್ರ ನೆಲ,” ಎನ್ನುತ್ತಿದ್ದರು. ಇದು ಅವರ ದಿನದ ಮಾತು. ಚಹಾಕ್ಕೆ ಸಕ್ಕರೆ ಬೇಕೇ ಎಂದರೂ “ತೂತು” ಎನ್ನುವರು, ಬೇಡವಾದರೆ “ನೆಲ” ಎನ್ನುವರು. ದೂರವನ್ನು ಚೌಕದಲ್ಲಿ ಅಳೆಯುವರು. “ಎರಡ ಚೌಕ ಸರಿ, ಗಾಳಿ ಬರ್ಲಿ.” ಬಿಳಿ ತುಂಬು ತೋಳಿನ ಅಂಗಿ, ಕಿಸೆಯಲ್ಲಿ ಕೆಂಪು ಪೆನ್ನು ಒಂದು, ನೀಲಿ ಒಂದು, ಬಾಯಲ್ಲಿ ಬಡೇಸೋಪು.

ನನಗೆ ಅಕ್ಷರ ಬಾರದು ಎಂದು ಗೊತ್ತಾದ ದಿನ ಅವರು ನಗಲಿಲ್ಲ. ಚೌಕಳಿ ಹಾಳೆ ಹರಿದು ಹನ್ನೆರಡು ಚೌಕ ಉದ್ದ, ಹನ್ನೆರಡು ಚೌಕ ಅಗಲದಲ್ಲಿ ‘ಅ’ ಬರೆದರು.

“ನವಿಲು ನೇಯಾಂವಗ ಇದೇನ ದೊಡ್ಡದೋ? ಇದು ಕಾಲಿಲ್ಲದ ನವಿಲು, ತಿಳ್ಕೊ.”

“ಮಾಸ್ತರ, ಇಷ್ಟ ವಯಸ್ಸಾಗೇತಿ, ಮಂದಿ ನಗ್ತಾರ.”

“ನಗೂ ಮಂದಿ ನಿನ್ನ ಮಗ್ಗ ನಡಸ್ತಾರೇನು? ಕೂಡು ಸುಮ್ನ.”

ಊಟದ ಬಿಡುವಿನಲ್ಲಿ ದಿನಕ್ಕೊಂದು ಅಕ್ಷರ. ಅವರೇ ಫಾರ್ಮು ತುಂಬಿಸಿ ಮೂವತ್ತರ ಮೇಲೆ ನನ್ನನ್ನು ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕೂರಿಸಿದರು. ಇವತ್ತಿಗೂ ನನ್ನ ಅಕ್ಷರ ಚೌಕದೊಳಗೆ ನಿಂತಂತೆ ಇರುತ್ತದೆ ಎಂದು ನನ್ನ ಮಗಳು ನಗುತ್ತಾಳೆ.

ಇನ್ನೊಂದು ಭಾಷೆಯನ್ನೂ ಅವರೇ ಕಲಿಸಿದ್ದು. ಮಗ್ಗಗಳು ಓಡುವಾಗ ಶೆಡ್ಡಿನಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೆ ಕೆಲಸದವರು ತುಟಿ ಅಲ್ಲಾಡಿಸಿ, ಕೈ ತಿರುಗಿಸಿ ಮಾತಾಡುತ್ತಾರೆ. ನೂಲು ತೀರಿತು, ಮಾಲಕ ಶೇಟ ಬಂದ, ಚಹಾ ಬಂತು, ನಿನ್ನ ಹೆಂಡತಿ ಹೆತ್ತಳು ಎಲ್ಲವೂ ಕೈಯಲ್ಲೇ. ಹೊಸಬನಾಗಿ ನಿಂತಾಗ ನನಗೆ ಎಲ್ಲರೂ ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎನಿಸುತ್ತಿತ್ತು. ಯಾರದೋ ತುಟಿ ಅಲ್ಲಾಡುತ್ತದೆ, ಯಾರೋ ನಗುತ್ತಾರೆ, ನಮಗೆ ಏನೂ ಕೇಳಿಸದು. ಆರು ತಿಂಗಳಾದ ಮೇಲೆ ಆ ಭಾವನೆ ಹೋಯಿತು. ಮಾಸ್ತರರಿಗೆ, ಇಪ್ಪತ್ತು ವರ್ಷ ಅದೇ ಶೆಡ್ಡಿನಲ್ಲಿ ಕಳೆದ ಮೇಲೆ, ಅದು ಬಂತು.

ಮೊದಲು ಸಂಶಯ ಬಂದದ್ದು ಊಟದ ಡಬ್ಬಿಯ ಮೇಲೆ. ಡಬ್ಬಿ ಕಟ್ಟಿದ ಬಟ್ಟೆಗೆ ತಾವೇ ನೇಕಾರರ ಗಂಟು ಹಾಕಿ, ಗಂಟಿನ ಬಾಲವನ್ನು ಒಂದು ಕಡೆಗೆ ತಿರುಗಿಸಿ ಇಡುತ್ತಿದ್ದರು. ಉಣ್ಣುವ ಮೊದಲು ಬಗ್ಗಿ ನೋಡುವರು.

“ಬಾಲ ತಿರುಗೇತಿ.”

“ಸೈಕಲ್ ಮ್ಯಾಲ ಬರೂವಾಗ ತಿರುಗಿರ್ತದ ಮಾಸ್ತರ.”

“ಸೈಕಲ್‌ಗೆ ಕೈ ಇರ್ತಾವೇನು?”

ಡಬ್ಬಿಯ ಊಟವನ್ನು ಹಾಗೇ ನಾಯಿಗೆ ಹಾಕುವರು. ಆಮೇಲೆ ನನ್ನ ಡಬ್ಬಿಗೆ ಕೈ ಹಾಕುವರು. ನನ್ನ ಭಕ್ರಿಯ, ಅಂದರೆ ಜೋಳದ ರೊಟ್ಟಿಯ, ಮೇಲೆ ಮಾತ್ರ ಅವರಿಗೆ ನಂಬಿಕೆ ಇತ್ತು. ನನಗೆ ಅದು ಹೆಮ್ಮೆ. ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯದು ನವಿಲಿನದು. ಒಂದು ದೊಡ್ಡ ಆರ್ಡರಿನ ಚಾದರಗಳು ಮಗ್ಗದಿಂದ ಇಳಿದಾಗ ಯಾವ ನವಿಲಿಗೂ ಕಣ್ಣಿರಲಿಲ್ಲ. ಕೊಕ್ಕು ಇದೆ, ಗರಿ ಇದೆ, ಕಣ್ಣಿನ ಜಾಗದಲ್ಲಿ ಬೋಳು ನೆಲ. ಮಾಸ್ತರರು ಹಿಂದಿನ ದಿನ ಕಣ್ಣಿನ ತೂತುಗಳಿಗೆಲ್ಲ ಅಂಟು ಕಾಗದ ಹಚ್ಚಿ ಮುಚ್ಚಿದ್ದರು. ಶೇಟ ಬಂದು ಚಾದರವನ್ನು ಅವರ ಮುಖದ ಮೇಲೆ ಎಸೆದ.

“ಕಾಯ್ ಹೇ, ಏನಿದು ಮಾಸ್ತರ? ಎಷ್ಟ ಕೊಟ್ರು ನಿಮಗ ಆ ಕಡಿಯವರು?”

ಎದುರು ಕಾರಖಾನೆಯವರಿಂದ ಲಂಚ ತಿಂದು ಮಾಲು ಕೆಡಿಸಿದ್ದಾರೆ ಎಂದು ಶೇಟನ ಸಂಶಯ. ಸುಳ್ಳೇಕೆ, ನನಗೂ ಅದೇ ಸಂಶಯ ಬಂತು. ಆ ದಿನ ನಾನು ಅವರ ಜೊತೆ ಉಣ್ಣಲಿಲ್ಲ. ಸಂಜೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಹೇಳಿದರು:

“ಅವು ನೋಡಾಕತ್ತಿದ್ದುವೋ. ಇಷ್ಟ ಕಣ್ಣ. ಎಲ್ಲಾ ನನ್ನ ಕಡೇನ.”

“ಮಾಸ್ತರ, ನೀವ ಬಿಡಿಸಿದ ಕಣ್ಣವು.”

“ಅದಕ್ಕ ಗೊತ್ತು ನನಗ.”

ಆಮೇಲೆ ಮಗ್ಗಗಳು ಅವರ ಹೆಸರು ಹೇಳತೊಡಗಿದವು. ಮೂರು ಸದ್ದಿಗೆ ಒಮ್ಮೆ ಹೆಸರು, ನಾಲ್ಕನೆಯದಕ್ಕೆ ಬೈಗುಳ. “ನಿನಗ ಕೇಳ್ಸವಲ್ದೇನು?” ಎಂದು ನನ್ನ ತಲೆಯನ್ನು ಹಿಡಿದು ಮಗ್ಗದ ಕಡೆ ತಿರುಗಿಸಿದರು. ನಾನು ಪ್ರಾಮಾಣಿಕವಾಗಿ ಕಿವಿಗೊಟ್ಟೆ. ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಬಹಳ ಹೊತ್ತು ಕಿವಿಗೊಟ್ಟರೆ ಮಗ್ಗ ನಾವು ಅಂದದ್ದನ್ನೇ ಅನ್ನುತ್ತದೆ. ನಾನು ಹೆದರಿ ಕೈ ಬಿಡಿಸಿಕೊಂಡೆ.

ವೈನಿ ಒಂದು ಭಾನುವಾರ ನಮ್ಮ ಮನೆಗೆ ಬಂದು ಅತ್ತರು. ಮದುವೆಗೆ ಮೊದಲೂ ಒಮ್ಮೆ ಮಾಸ್ತರರಿಗೆ ಹೀಗೇ ಆಗಿತ್ತಂತೆ. ಮನೆಯವರು ಮುಚ್ಚಿಟ್ಟು ಮದುವೆ ಮಾಡಿದ್ದರಂತೆ. ಈಗ ಅದೇ ಮನೆಯವರು ಸೊಸೆ ಬಂದ ಮೇಲೆ ಕೆಟ್ಟ ಎನ್ನುತ್ತಿದ್ದರು.

“ನಾ ಹಾಕಿದ ನೀರ ಸುದ್ದಾ ಕುಡಿಯವಲ್ರು. ನಳಕ್ಕ ಬಾಯಿ ಹಚ್ಚಿ ಕುಡೀತಾರ. ನಾ ಏನ ಮಾಡ್ಲಿ ಹೇಳು.”

ಆಗ ನಾನು ಮಾಡಿದ ಮೊದಲ ತಪ್ಪು ಇದು. ಅಕ್ಕಲಕೋಟದ ಆಚೆ ನಮ್ಮ ಕಡೆಯ ಒಬ್ಬ ಹೇಳಿಕೆ ಹೇಳುವವನ ಹತ್ತಿರ ಇಬ್ಬರನ್ನೂ ಎಸ್.ಟಿ. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವನು ಅಕ್ಕಿ ಎರಚಿ, ಕಣ್ಣು ಮುಚ್ಚಿ, ಕರಣಿ ಆಗಿದೆ ಎಂದ. ಅಂದರೆ ಮಾಟ. “ಊಟದಾಗ ಹಾಕ್ಯಾರ. ಮನಿಯೊಳಗಿನ ಕೈ ಐತಿ,” ಎಂದ.

ಮಾಸ್ತರರು ತಿರುಗಿ ವೈನಿಯ ಕೈಯನ್ನೇ ನೋಡಿದರು. ವೈನಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಡ ಒಂದು ಕಿಟಕಿಗೆ, ಹೆಂಡತಿ ಇನ್ನೊಂದು ಕಿಟಕಿಗೆ. ಒಂದು ಸಂಶಯಕ್ಕೆ ದುಡ್ಡು ಕೊಟ್ಟು ಸಾಕ್ಷಿ ತಂದ ಹಾಗಾಯಿತು.

ಕೊನೆಗೆ ಸೊಲ್ಲಾಪುರದ ದವಾಖಾನೆಯ ಮನಸ್ಸಿನ ಡಾಕ್ಟರರ ಹತ್ತಿರ ಹೋದೆವು. ಮಧ್ಯವಯಸ್ಸಿನ ಹೆಂಗಸು, ಮರಾಠಿಯವರು, ನಾವು ಮರಾಠಿ ರೂಢಿಯಂತೆ ಬಾಯಿ ಎನ್ನುತ್ತಿದ್ದೆವು. ಮಾಸ್ತರರ ಜೊತೆ ಬಹಳ ಹೊತ್ತು ಮಾತಾಡಿ, ನಮ್ಮನ್ನು ಕರೆದು ಸ್ಕಿಝೋಫ್ರೇನಿಯಾ ಎಂದರು. ಆ ಶಬ್ದವನ್ನು ಬಾಯಿಗೆ ಹತ್ತಿಸಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅವರಿಗೆ ಕೇಳಿಸುವುದು ನಾಟಕವಲ್ಲ, ನಿಜವಾಗಿಯೂ ಕೇಳಿಸುತ್ತದೆ, ಹೊರಗೆ ಸದ್ದಿಲ್ಲ ಅಷ್ಟೇ. ಸಿನೆಮಾದಲ್ಲಿ ತೋರಿಸುವಂತೆ ಒಬ್ಬನಲ್ಲಿ ಇಬ್ಬರು ಇರುವ ರೋಗ ಇದಲ್ಲ. ಹೆಂಡತಿಯಿಂದ ಬಂದದ್ದಲ್ಲ, ಮಾಟದ್ದಲ್ಲ. ಇಂಥವರೆಲ್ಲ ಮಂದಿಯ ಮೇಲೆ ಬೀಳುತ್ತಾರೆ ಎಂಬುದೂ ಸುಳ್ಳು, ಅವರೇ ಹೆಚ್ಚಾಗಿ ಹೆದರಿಕೊಂಡಿರುತ್ತಾರೆ. ಬಿ.ಪಿ. ಇದ್ದವರ ಹಾಗೆ ಬಹಳ ದಿನ ಗುಳಿಗೆ ಬೇಕು, ಜೊತೆಗೆ ಮನೆಯವರ ಸಮಾಧಾನ ಬೇಕು.

ನಾನು ಕೇಳಿದೆ: “ಬಾಯಿ, ಸಂಶಯ ನನಗೂ ಬರ್ತದಲ್ರಿ. ಫರಕ ಏನು?”

“ನಿನ್ನದು ನಿಲ್ಲುತ್ತದೆ,” ಎಂದರು.

ನನಗೆ ಮಗ್ಗ ನೆನಪಾಯಿತು. ಅಡ್ಡ ನೂಲು ಕಡಿದರೆ ಮಗ್ಗ ತಾನೇ ನಿಲ್ಲಲಿ ಎಂದು ಒಂದು ಸಣ್ಣ ತಂತಿಯ ಮುಳ್ಳು ಇರುತ್ತದೆ. ನೂಲು ಇಲ್ಲವೆಂದರೆ ಮುಳ್ಳು ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಆ ಮುಳ್ಳು ಕೆಟ್ಟರೆ ನೂಲಿಲ್ಲದೇ ಮಗ್ಗ ಓಡುತ್ತಲೇ ಇರುತ್ತದೆ. ಸದ್ದು ಅದೇ, ವೇಗ ಅದೇ, ಬಟ್ಟೆ ಮಾತ್ರ ಇಲ್ಲ. ಇದನ್ನು ಹೇಳಿದಾಗ ಡಾಕ್ಟರ್ ಬಾಯಿ ನನ್ನನ್ನು ನೋಡಿ ತಲೆ ಆಡಿಸಿದರು.

ಆದರೆ ಮಾಸ್ತರರು ಗುಳಿಗೆ ಮುಟ್ಟಲಿಲ್ಲ. “ಊಟದಾಗ ಹಾಕ್ಯಾರಲ್ಲ, ಇದಽ ಅದು,” ಎಂದು ಗಟಾರಕ್ಕೆ ಒಗೆದರು.

ಈಗ ಎರಡನೆಯ ತಪ್ಪು. ಇದು ಯಾರು ಮೊದಲು ಅಂದದ್ದು ಎಂದು ನಾನೂ ವೈನಿಯೂ ಇವತ್ತಿನ ತನಕ ಒಬ್ಬರ ಮೇಲೊಬ್ಬರು ಹಾಕುತ್ತೇವೆ. ವೈನಿ ಗುಳಿಗೆಯನ್ನು ಅರೆದು ಶೇಂಗಾ ಚಟ್ನಿಯಲ್ಲಿ ಬೆರೆಸುವುದು, ನಾನು ಅದನ್ನು ನನ್ನ ಡಬ್ಬಿಯಲ್ಲಿ ಒಯ್ಯುವುದು. ನಮ್ಮ ಕಡೆಯ ಶೇಂಗಾ ಚಟ್ನಿ ನೀವು ತಿಂದಿದ್ದರೆ ಗೊತ್ತು. ಕಲ್ಲಿನ ಒಳ್ಳಿನಲ್ಲಿ ಕುಟ್ಟಿ ಕುಟ್ಟಿ ಎಣ್ಣೆ ಬಿಡಬೇಕು, ಬೆಳ್ಳುಳ್ಳಿ, ಕೆಂಪು ಖಾರ, ಉಪ್ಪು. ಅದರೊಳಗೆ ಏನು ಬಿದ್ದರೂ ನಾಲಿಗೆಗೆ ಸಿಗುವುದಿಲ್ಲ. ಡಾಕ್ಟರರನ್ನು ಕೇಳಲಿಲ್ಲ. ಕೇಳಿದರೆ ಬೇಡ ಎಂದಾರು ಎಂಬ ಸಂಶಯ ನಮಗೆ ಇತ್ತು.

ನನಗೆ ಆ ಚಟ್ನಿ ಪ್ರಾಣ. ಆದರೆ ನಾನು ತಿನ್ನುವಂತಿಲ್ಲ. ಮೊದಲ ದಿನವೇ ಕೇಳಿದರು.

“ಯಾಕ, ನೀ ಹಚ್ಕೊಳವಲ್ಲಿ?”

“ಪಿತ್ತ ಆಗೇತ್ರಿ ಮಾಸ್ತರ. ಖಾರ ಒಲ್ಲೆ.”

“ಕುರಬರಂವಗ ಪಿತ್ತ!” ಎಂದು ನಕ್ಕು ನನ್ನ ಪಾಲನ್ನೂ ಬಳಿದು ತಿಂದರು.

ಒಂದೂವರೆ ತಿಂಗಳಿನಲ್ಲಿ ಅವರು ಇಳಿಯತೊಡಗಿದರು. ಇಳಿಯುವುದು ಎಂದರೆ ಎತ್ತರದಿಂದ ನೆಲಕ್ಕೆ ಬಂದ ಹಾಗೆ. ನಿದ್ದೆ ಬಂತು. ಡಬ್ಬಿಯ ಗಂಟಿನ ಬಾಲ ನೋಡುವುದನ್ನು ಬಿಟ್ಟರು. ಹೊಸ ಬಳ್ಳಿಯ ಡಿಝೈನ್ ಒಂದನ್ನು ಹಾಳೆಯ ಮೇಲೆ ಇಳಿಸಿದರು. “ಮಗ್ಗ ಈಗ ಸುಮ್ನ ಮಗ್ಗಾಗೇತಿ ನೋಡು,” ಎಂದರು ಒಂದು ದಿನ. ನಾನು ಒಳಗೇ ಕುಣಿದೆ. ಹೊರಗೆ ಮಾತ್ರ ಅವರ ಕಣ್ಣು ತಪ್ಪಿಸಿದೆ. ಒಬ್ಬ ಮನುಷ್ಯನಿಗೆ ಒಳ್ಳೆಯದನ್ನೇ ಮಾಡುತ್ತಿರುವಾಗಲೂ ಕಳ್ಳನ ಹಾಗೆ ಬೆವರುವುದು ಏನೆಂದು ಆಗ ತಿಳಿಯಿತು.

ಶಬ್ಬೀರ ನನ್ನ ಎದುರು ಮಗ್ಗದವನು. ಮಾಸ್ತರರಿಗೆ ಗುಳಿಗೆ ಕೊಡುತ್ತಿದ್ದೇವೆ ಎಂದು ಅವನಿಗೆ ಮಾತ್ರ ಹೇಳಿದ್ದೆ, ಹೇಗೆಂದು ಹೇಳಿರಲಿಲ್ಲ. ಒಂದು ಮಧ್ಯಾಹ್ನ ಮಗ್ಗಗಳೆಲ್ಲ ಓಡುತ್ತಿದ್ದವು. ಶಬ್ಬೀರ ಬಾಯಿಗೆ ಕೈ ಒಯ್ದು, ಪುಠ್ಠಾ ಖೋಲಿಯ ಕಡೆ ಗದ್ದ ಮಾಡಿ, ಅಂಗೈ ತಿರುಗಿಸಿದ. ಮಾಸ್ತರರು ಉಂಡರೇ ಎಂದು. ನಾನು ತಲೆಯಾಡಿಸಿದೆ. ಅವನು ಮತ್ತೆ ಕೈ ತಿರುಗಿಸಿದ, ಹೇಗೆ ಕೊಡುತ್ತೀರಿ ಎಂದು. ನಾನು ಎಡ ಅಂಗೈಯ ಮೇಲೆ ಬಲ ಮುಷ್ಟಿಯಿಂದ ಕುಟ್ಟಿ ತೋರಿಸಿದೆ. ಬೆರಳು ಹೆಬ್ಬೆರಳು ಸೇರಿಸಿ ಗುಳಿಗೆ ಮಾಡಿದೆ. ಅದನ್ನು ಮುಷ್ಟಿಯೊಳಗೆ ಹಾಕಿದೆ. ನಕ್ಕೆ. ಶಬ್ಬೀರ ನಗಲಿಲ್ಲ. ಅವನು ಮೇಲೆ ನೋಡುತ್ತಿದ್ದ.

ಮಗ್ಗದ ತಲೆಯ ಮೇಲೆ ಪುಠ್ಠಾ ಮಾಲೆ ಏರಿಸಲು ಒಂದು ಅಟ್ಟ ಇರುತ್ತದೆ. ಮಾಸ್ತರರು ಅಲ್ಲಿ ನಿಂತಿದ್ದರು. ಹೊಸ ಬಳ್ಳಿಯ ಮಾಲೆ ಅವರ ಕೈಯಲ್ಲಿತ್ತು. ಆ ಕೈಭಾಷೆಯನ್ನು ನನಗೆ ಕಲಿಸಿದವರೇ ಅವರು. ಒಂದು ಸನ್ನೆಯೂ ಅವರಿಗೆ ತಪ್ಪಿರಲಿಕ್ಕಿಲ್ಲ.

ಅವರು ಕೂಗಲಿಲ್ಲ. ನಿಚ್ಚಣಿಕೆ ಇಳಿದು ಬಂದು ನನ್ನ ಮಗ್ಗವನ್ನು ಬಂದ್ ಮಾಡಿದರು. ಉಳಿದವು ಓಡುತ್ತಲೇ ಇದ್ದವು, ಅದಕ್ಕೆ ಅವರ ಮಾತು ನನಗೆ ಕೇಳಿಸಲಿಲ್ಲ. ತುಟಿ ಮಾತ್ರ ಕಂಡಿತು. “ನೀನೂ?”

ಆ ದಿನ ಕಾರಖಾನೆ ಬಿಟ್ಟವರು ಮತ್ತೆ ಬರಲಿಲ್ಲ.

ಅವತ್ತಿನಿಂದ ಅವರು ತಿಂದದ್ದು ಬಾಳೆಹಣ್ಣು ಮತ್ತು ಸಿಪ್ಪೆಯ ಶೇಂಗಾ. ಯಾರೂ ಕೈ ಹಾಕಲಾರದ ವಸ್ತು. ಕಿಸೆ ತುಂಬ ಶೇಂಗಾ ಕಾಯಿ ತುಂಬಿಕೊಂಡು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಡೆದು ತಿನ್ನುವರು. ವೈನಿ ಡಾಕ್ಟರರ ಮುಂದೆ ಎಲ್ಲ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರಂತೆ. “ಅವರಿಗೆ ರೋಗ ಇದೆ, ಬುದ್ಧಿ ಇಲ್ಲವೆಂದಲ್ಲ. ಊಟದಲ್ಲಿ ಏನೋ ಹಾಕುತ್ತಾರೆ ಎಂದು ಹೆದರುವವನ ಊಟದಲ್ಲಿ ನೀವು ನಿಜವಾಗಿಯೂ ಹಾಕಿದಿರಿ. ಇನ್ನು ನನ್ನ ಮಾತನ್ನು ಅವರು ಯಾಕೆ ನಂಬಬೇಕು? ಹೋಗಿ ಒಪ್ಪಿಕೊಳ್ಳಿ,” ಎಂದರಂತೆ.

ಒಪ್ಪಿಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸದ್ದುಗಳು ತಿರುಗಿ ಬಂದಿದ್ದವು. ಒಂದು ದಿನ ಮನೆಯಿಂದ ಹೋದವರು ಮೂರು ದಿನ ಸಿಗಲಿಲ್ಲ. ನಾನು ಮಂಗಳವೇಢೆಯ ತನಕ ಹುಡುಕಿ ಬಂದೆ. ಕೊನೆಗೆ ಸಿಕ್ಕದ್ದು ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ. ಗಡ್ಡ ಬೆಳೆದಿತ್ತು. ಬಿಳಿ ಅಂಗಿಯ ಕಿಸೆಯಲ್ಲಿ ಎರಡೂ ಪೆನ್ನು ಹಾಗೇ ಇದ್ದವು. ಕಾಲ ಸುತ್ತ ಶೇಂಗಾ ಸಿಪ್ಪೆ. ಹೇಳಿಕೆಯವನ ಹತ್ತಿರ ಹೋಗಲು ಬಂದವರು, ಯಾವ ಬಸ್ಸನ್ನೂ ನಂಬದೆ ಕುಳಿತಿದ್ದರು.

ನಾನು ಬೆಂಚಿನ ಇನ್ನೊಂದು ತುದಿಗೆ ಕುಳಿತೆ.

“ಮೂರ ಚೌಕ ದೂರ ಕೂಡು,” ಎಂದರು. ಸರಿದೆ.

“ಹೌದ್ರಿ ಮಾಸ್ತರ,” ಎಂದೆ. “ನಾವ ಹಾಕಿದ್ವಿ. ಗುಳಿಗಿ ಹಾಕಿದ್ವಿ, ವಿಷ ಅಲ್ಲ. ಆದ್ರ ಕದ್ದು ಹಾಕಿದ್ವಿ.”

ಅವರು ಶೇಂಗಾ ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

“ಅಂದ್ರ ನನಗ ಬಂದಿದ್ದು ಸುಳ್ಳ ಸಂಶಯ ಅಲ್ಲ.”

“ಅದೊಂದ ಸುಳ್ಳ ಅಲ್ರಿ.”

“ಉಳಿದದ್ದು?”

“ಉಳಿದದ್ದು ನನಗ ಕಾಣಸ್ಲಿಲ್ರಿ, ಕೇಳಸ್ಲೂ ಇಲ್ಲ. ಇಲ್ಲದ್ದ ಹೆಂಗ ಹೌದನ್ಲಿ?”

ಅವರು ಕಿಸೆಯಿಂದ ಚೌಕಳಿ ಹಾಳೆ ತೆಗೆದು ನನ್ನ ಕಡೆ ನೂಕಿದರು, ಮೇಲೆ ನೀಲಿ ಪೆನ್ನು.

“ಬರಿ. ನಾ ಕಲಿಸಿದ ಅಕ್ಷರದಾಗ ಬರಿ. ಸಹಿ ಮಾಡು.”

ಬರೆದೆ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ನಾನು ಮಾಸ್ತರರ ಊಟದಲ್ಲಿ ಅವರಿಗೆ ತಿಳಿಯದಂತೆ ಗುಳಿಗೆ ಬೆರೆಸಿದ ಚಟ್ನಿ ಕೊಟ್ಟಿದ್ದೇನೆ, ಈ ವಿಷಯದಲ್ಲಿ ಅವರು ಅಂದದ್ದು ಖರೆ, ನಾನು ಅಂದದ್ದು ಸುಳ್ಳು. ಮಾಸ್ತರರು ಎರಡು ಸಲ ಓದಿದರು. ಕೆಂಪು ಪೆನ್ನು ತೆಗೆದು ಒಂದು ದೀರ್ಘ ತಿದ್ದಿದರು. ಆಮೇಲೆ “ನಡಿ, ಡಾಕ್ಟರ್ ಬಾಯಿಗಿ ತೋರ್ಸೂಣು,” ಎಂದರು.

ಡಾಕ್ಟರ್ ಬಾಯಿಗೆ ಕನ್ನಡ ಓದಲು ಬರುವುದಿಲ್ಲ. ಅವರ ಮುಂದೆ, ವೈನಿಯ ಮುಂದೆ, ನಾನೇ ಅದನ್ನು ಗಟ್ಟಿಯಾಗಿ ಓದಿ ಮರಾಠಿಯಲ್ಲಿ ಹೇಳಬೇಕಾಯಿತು. ಹತ್ತನೆಯ ಪರೀಕ್ಷೆಯೂ ನನಗೆ ಅಷ್ಟು ಕಠಿಣವಾಗಿರಲಿಲ್ಲ. ಓದಿ ಮುಗಿದ ಮೇಲೆ ಡಾಕ್ಟರ್ ಬಾಯಿ ಮಾಸ್ತರರ ಕಡೆ ತಿರುಗಿ, “ನೀವು ಹೇಳಿದ್ದು ಸರಿ ಇತ್ತು. ಇನ್ನು ಹಾಗಾಗುವುದಿಲ್ಲ,” ಎಂದರು. ಯಾರೋ ಒಬ್ಬರು ಅವರಿಗೆ ನೀವು ಸರಿ ಎಂದು ಹೇಳಿ ವರ್ಷವಾಗಿತ್ತು. ಮಾಸ್ತರರು ತಮ್ಮ ಷರತ್ತು ಹೇಳಿದರು. ಪಟ್ಟಿ ಸೀಲ್ ಇರಬೇಕು, ತಾವೇ ಅಂಗಡಿಗೆ ಹೋಗಿ ತರಬೇಕು, ತಾವೇ ಒಡೆಯಬೇಕು, ಬೇರೆಯವರ ಕೈ ತಾಗಬಾರದು. ಡಾಕ್ಟರ್ ಬಾಯಿ ಒಪ್ಪಿದರು.

ಹಾಗೆ ಹನ್ನೆರಡು ವರ್ಷ ನಡೆಯಿತು. ಸುಲಭವಾಗಿ ನಡೆಯಿತು ಎಂದು ತಿಳಿಯಬೇಡಿ. ಗುಳಿಗೆಯಿಂದ ಮೈ ಬಂತು, ಕೈ ನಡುಗಿತು, ತೂತು ಹೊಡೆಯುವ ಕೈ ಒಂದು ಚೌಕ ಆಚೆ ಬೀಳುತ್ತಿತ್ತು. ಡಾಕ್ಟರ್ ಬಾಯಿ ಗುಳಿಗೆ ಬದಲಿಸಿದರು, ಕಡಿಮೆ ಮಾಡಿದರು. ಬೇರೆ ಸಣ್ಣ ಕಾರಖಾನೆಯೊಂದಕ್ಕೆ ಮನೆಯಲ್ಲೇ ಕುಳಿತು ಡಿಝೈನ್ ಮಾಡಿಕೊಟ್ಟರು. ಅವರ ನವಿಲುಗಳಿಗೆ ಮತ್ತೆ ಕಣ್ಣು ಬಂದವು, ಆದರೆ ಎಲ್ಲವೂ ಮುಚ್ಚಿದ ಕಣ್ಣು. ಗಿರಾಕಿಗಳು ಅದನ್ನೇ ಇಷ್ಟಪಟ್ಟು ಕೇಳಿದರು. ಸದ್ದು ಪೂರ್ತಿ ಹೋಗಲಿಲ್ಲ. ಬಂದಾಗ ನನ್ನನ್ನು ಕೇಳುವರು, “ಈಗ ಯಾರರ ಕರದ್ರೇನು?” ಇಲ್ಲ ಎಂದರೆ, ಹೊರಗೆ ಹೋಗಿ ಪಾನ್ ಅಂಗಡಿಯವನನ್ನೂ ಕೇಳುವರು, ಆಮೇಲೆ ವೈನಿಯನ್ನು. ಮೂವರೂ ಇಲ್ಲ ಎಂದರೆ ಮಾತ್ರ “ಹಂಗಾರ ನೆಲ,” ಎಂದು ಕುಳಿತುಕೊಳ್ಳುವರು.

ವೈನಿ ಮಾಡಿದ ಅಡಿಗೆಯನ್ನು ಒಂದು ವರ್ಷದ ಮೇಲೆ ಉಣ್ಣತೊಡಗಿದರು. ಅವರು ಅಡಿಗೆ ಮಾಡುವಾಗ ಒಲೆಯ ಮುಂದೆ ಕುಳಿತಿರುವರು, ಅಷ್ಟೇ. ನನ್ನ ಕೈಯಿಂದ ಮಾತ್ರ ಏನೂ ತೆಗೆದುಕೊಳ್ಳಲಿಲ್ಲ. ನನ್ನ ಮಗಳ ಹುಟ್ಟುಹಬ್ಬದ ಪೇಢೆಯನ್ನೂ ಇಲ್ಲ. “ಇಡು ಅಲ್ಲೆ,” ಎನ್ನುವರು. ಮರುವಾರ ಹೋದಾಗ ಅದು ಅಲ್ಲೇ ಇರುತ್ತಿತ್ತು, ಇರುವೆ ಹತ್ತಿ. ಗುರುವಾರಕ್ಕೊಮ್ಮೆ ಹೋಗುವುದನ್ನು ನಾನು ತಪ್ಪಿಸಲಿಲ್ಲ. ಅವರು ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಹೋದ ಸಂಕ್ರಾಂತಿಯ ಮರುದಿನದ ಮಾತು. ಹೋದಾಗ ವೈನಿ ಪೇಟೆಗೆ ಹೋಗಿದ್ದರು. ಒಳಗಿನಿಂದ ಕುಟ್ಟುವ ಸದ್ದು ಬರುತ್ತಿತ್ತು. ಮಾಸ್ತರರೇ ಒಳ್ಳಿನ ಮುಂದೆ ಕುಳಿತು ಶೇಂಗಾ ಚಟ್ನಿ ಕುಟ್ಟುತ್ತಿದ್ದರು, ಹಣೆಯ ಮೇಲೆ ಬೆವರು. ನನ್ನನ್ನು ನೋಡಿ ಏನೂ ಅನ್ನದೆ ತಾಟಿನಲ್ಲಿ ಭಕ್ರಿ, ಚಟ್ನಿ, ಮೇಲೆ ಎಣ್ಣೆ ಹಾಕಿ ನನ್ನ ಮುಂದೆ ಇಟ್ಟರು.

“ಉಣ್ಣು.”

ನಾನು ಭಕ್ರಿ ಮುರಿದೆ, ಚಟ್ನಿಗೆ ಅದ್ದಿದೆ. ಕೈ ಬಾಯಿಯ ಹತ್ತಿರ ಬಂದು ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಮನೆಯಲ್ಲಿ ವೈನಿ ಇಲ್ಲ. ಹನ್ನೆರಡು ವರ್ಷದ ಸಿಟ್ಟು. ಅವರ ಗುಳಿಗೆಯ ಡಬ್ಬಿ ಒಳ್ಳಿನ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆದು. ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿದ್ದು ಕಣ್ಣು ಪಿಳುಕಿಸುವಷ್ಟು ಹೊತ್ತು. ಆದರೆ ನನ್ನ ಮುಂದೆ ಕುಳಿತಿದ್ದವರು ಕೈ ಓದುವುದನ್ನು ನನಗೆ ಕಲಿಸಿದವರು.

ಅವರು ನಕ್ಕರು. ಕಾರಖಾನೆಯ ದಿನಗಳ ನಂತರ ನಾನು ಆ ನಗು ನೋಡಿರಲಿಲ್ಲ.

“ನಿನ್ನ ಕೈ ಒಂದ ಚೌಕ ನಿಂತಿತು,” ಎಂದರು. “ನಂದು ಹನ್ನೆರಡ ವರ್ಷ ನಿಂತಿತು. ಇಷ್ಟಽ ಫರಕ ನೋಡು, ನಿನಗೂ ನನಗೂ.”

ನನಗೆ ಕಣ್ಣು ತುಂಬಿ ತಾಟು ಕಾಣದಂತಾಯಿತು. ತುತ್ತನ್ನು ಬಾಯಿಗೆ ಹಾಕಿಕೊಂಡೆ, ನುಂಗಿದೆ. ಇನ್ನೊಂದು ಮುರಿದು, ಅದ್ದಿ, ಕೈ ಮುಂದೆ ಮಾಡಿದೆ. ಅವರು ಆ ತುತ್ತನ್ನು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ತುತ್ತನ್ನು. ಬಗ್ಗಿ, ನನ್ನ ಕೈಯಿಂದಲೇ ತಿಂದರು. ಮೆಲ್ಲಗೆ ಅಗಿದರು.

“ಉಪ್ಪ ಕಡಿಮಿ ಆಗೇತಿ,” ಎಂದರು.

ಮಣ್ಣಿಗೆ ಬಂದು ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ ಆ ಸಂಬಂಧಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ. ಆ ದಿನ ಹೇಳಲಾಗಲಿಲ್ಲ, ಅದಕ್ಕೆ ಬರೆದಿದ್ದೇನೆ.

ಓದಿದ ನಿಮ್ಮ ಹತ್ತಿರ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಕೆಲಸದ ಜಾಗದಲ್ಲಿ ಇಂಥವರು ಯಾರಾದರೂ ಇದ್ದಿರಬಹುದು. ನೀವೂ ಅವರಿಗೆ ಹಾಲಿನಲ್ಲಿ, ಹಿಟ್ಟಿನಲ್ಲಿ, ಪಲ್ಯದಲ್ಲಿ ಏನಾದರೂ ಕದ್ದು ಬೆರೆಸಿರಬಹುದು, ಒಳ್ಳೆಯದಕ್ಕೇ ಬೆರೆಸಿರಬಹುದು. ಆಮೇಲೆ ಹೇಳಿದಿರಾ? ಹೇಗೆ ಹೇಳಿದಿರಿ? ಅವರು ಮತ್ತೆ ನಿಮ್ಮ ಕೈಯಿಂದ ಉಂಡರಾ? ಬರೆದು ತಿಳಿಸಿ. ಹೆಸರು ಬೇಡ. ಮಾಸ್ತರರಿಗೆ ಹೆಸರು ಕೊಡುವುದು ಸೇರುತ್ತಿರಲಿಲ್ಲ.